ಥೈರಾಯ್ಡ್ ಅತಿಸ್ರಾವ ಮತ್ತು ಮರುಕಳಿಸುವ ಸ್ನಾಯು ನಿಶ್ಶಕ್ತಿ: ಮೊದಲ ಚಿಕಿತ್ಸೆಯ ಪ್ರಶ್ನೆ

ತುಮಕೂರು ರಸ್ತೆಯ ಮಾಕಳಿ, ಮಾದಾವರ, ಪೀಣ್ಯದ ಕಡೆ ಪಾಳಿಯಲ್ಲಿ ದುಡಿಯುವ ಯುವಕರು ಬಹಳ. ಮೈಮುರಿಯುವ ಕೆಲಸ ಮುಗಿಸಿ, ರಾತ್ರಿ ಹೊಟ್ಟೆ ತುಂಬ ಅನ್ನ ಉಂಡು ಮಲಗಿದ ಮೂವತ್ತರ ಗಂಡಸು ಬೆಳಗಿನ ಜಾವ ಕಾಲೆತ್ತಲಾರದೆ ಹೋದರೆ ಮನೆಯವರು ‘ಲಕ್ವ ಹೊಡೆದಿದೆ’ ಎನ್ನುತ್ತಾರೆ. ಸುಸ್ತೆಂದು ಗ್ಲೂಕೋಸ್ ಬಾಟಲಿ ಏರಿಸುವುದೂ ಉಂಟು. ಈ ವಯಸ್ಸು, ಈ ಹೊತ್ತು, ಈ ಊಟ ಒಟ್ಟುಗೂಡಿದಲ್ಲಿ ಥೈರಾಯ್ಡನ್ನು ಅನುಮಾನಿಸದೆ ಆ ಬಾಟಲಿ ಏರಿಸಕೂಡದು ಎಂಬುದು ಈ ಲೇಖನದ ವಾದ.

ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಸ್ನಾಯುಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪು ಬಿರುಸಾಗುತ್ತದೆ. ಪಿಷ್ಟದ ಊಟದ ನಂತರ ಏರುವ ಇನ್ಸುಲಿನ್ ಅದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ರಕ್ತದ ಪೊಟ್ಯಾಸಿಯಂ ಕೋಶದೊಳಕ್ಕೆ ಸರಿದು ಸ್ನಾಯು ಪ್ರತಿಕ್ರಿಯಿಸದಂತಾಗುತ್ತದೆ. ಗ್ಲೂಕೋಸ್ ಇನ್ಸುಲಿನ್ನನ್ನೇ ಕೆರಳಿಸುವುದರಿಂದ ಉಪಚಾರವೇ ಉಪದ್ರವವಾಗುತ್ತದೆ. ಒಳಗೆಳೆದ ಪೊಟ್ಯಾಸಿಯಂ ಹೊರಬರಬೇಕಾದ ಒಂದು ಬಗೆಯ ವಾಹಿನಿಯ ವಂಶವಾಹಿಯಲ್ಲಿ (ಕೆಸಿಎನ್‌ಜೆ18) ಕೆಲವು ರೋಗಿಗಳಿಗೆ ದೋಷವಿರುವುದು 2010ರಲ್ಲಿ ವರದಿಯಾಯಿತು. ಥೈರಾಯ್ಡ್ ಅತಿಸ್ರಾವ ಹೆಂಗಸರಲ್ಲೇ ಹೆಚ್ಚು. ಈ ನಿಶ್ಶಕ್ತಿ ಮಾತ್ರ ಬಹುಪಾಲು ಗಂಡಸರದು, ಅದರಲ್ಲೂ ಏಷ್ಯಾದವರದು.

ತೊಡೆ, ಸೊಂಟ ಮೊದಲು ಸೋಲುತ್ತವೆ. ಸ್ಪರ್ಶಜ್ಞಾನ, ಪ್ರಜ್ಞೆ ಕೆಡುವುದಿಲ್ಲ. ಉಸಿರಾಟ ಸಾಮಾನ್ಯವಾಗಿ ಉಳಿಯುತ್ತದೆ. ಗೊಂದಲ ಹುಟ್ಟಿಸುವುದು ಇದೇ ಬಗೆಯ ನಿಶ್ಶಕ್ತಿ ತರುವ ಗಿಯಾನ್-ಬಾರೆ ಎಂಬ ನರರೋಗ. ಇಸಿಜಿಯಲ್ಲಿ ವೇಗದ ನಾಡಿ, ಯು ಅಲೆ ಕಂಡರೆ, ರಕ್ತದ ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಮೋಲ್‌ಗಿಂತ ಕೆಳಗಿದ್ದರೆ ದಾರಿ ಸ್ಪಷ್ಟವಾಗುತ್ತದೆ. ಕಣ್ಣು ಉಬ್ಬಿರಬೇಕು, ಕೈ ನಡುಗಬೇಕು ಎಂದು ಕಾಯುವುದು ತಪ್ಪು: ಎಷ್ಟೋ ಮಂದಿಯಲ್ಲಿ ಥೈರಾಯ್ಡಿನ ಲಕ್ಷಣಗಳು ತೀರಾ ಸೌಮ್ಯ.

ಪೊಟ್ಯಾಸಿಯಂ ಕೊಡುವಾಗಲೂ ಕೈ ಬಿಗಿಹಿಡಿಯಬೇಕು. ದೇಹ ಅದನ್ನು ಕಳೆದುಕೊಂಡಿಲ್ಲ, ಸ್ಥಳ ಬದಲಿಸಿದೆ ಅಷ್ಟೆ. ಅದು ಮರಳಿ ರಕ್ತಕ್ಕೆ ಬಂದಾಗ ಪ್ರಮಾಣ ಮಿತಿಮೀರಿ ಹೃದಯದ ಲಯ ತಪ್ಪಬಹುದು. ಪ್ರೊಪ್ರನಲಾಲ್ ಪಂಪಿನ ಬಿರುಸನ್ನು ತಗ್ಗಿಸುತ್ತದೆ. ವಂಶಪಾರಂಪರ್ಯದ ನಿಶ್ಶಕ್ತಿಗೆ ಬಳಸುವ ಅಸಿಟಜೋಲಮೈಡ್ ಇಲ್ಲಿ ಸಲ್ಲದು.

ನನಗೆ ಹೆಚ್ಚು ಕಳವಳದ ಸಂಗತಿ ಇದು: ಕೆಲವೇ ಗಂಟೆಗಳಲ್ಲಿ ರೋಗಿ ಎದ್ದು ನಡೆಯುತ್ತಾನೆ, ದಿನಗೂಲಿ ತಪ್ಪೀತೆಂದು ಮನೆಗೆ ಹೊರಡುತ್ತಾನೆ, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಉಳಿದೇ ಹೋಗುತ್ತದೆ. ಪೊಟ್ಯಾಸಿಯಂಗೆಂದು ತೆಗೆದ ರಕ್ತದಲ್ಲೇ ಟಿಎಸ್‌ಎಚ್, ಟಿ4 ನೋಡಲು ಬರೆಯಬೇಕು. ಔಷಧ, ವಿಕಿರಣ ಅಯೋಡಿನ್ ಅಥವಾ ಶಸ್ತ್ರಕ್ರಿಯೆಯಿಂದ ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಈ ನಿಶ್ಶಕ್ತಿ ಮರುಕಳಿಸುವುದಿಲ್ಲ.