ದಕ್ಷಿಣ ಏಷ್ಯದಲ್ಲಿ ವಿಮಾನಯಾನದ ಸುರಕ್ಷತೆ: ಒಂದು ಚಾರಿತ್ರಿಕ ಸಮೀಕ್ಷೆ

ಕಲಬುರಗಿಯ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟಿತವಾಯಿತು. ಇದರಿಂದ ಚಿಂಚೋಳಿ, ಸೇಡಂ, ಚಿತ್ತಾಪುರ ಪ್ರಾಂತದ ಜನರಿಗೂ ವಿಮಾನಯಾನವು ಸಮೀಪದ ಸಂಗತಿಯಾಯಿತು. ವಿಮಾನವನ್ನೇರುವವನು ತನ್ನ ಪ್ರಾಣವನ್ನು ಯಾರ ಭರವಸೆಯ ಮೇಲೆ ಒಪ್ಪಿಸುತ್ತಾನೆ? ಈ ಭರವಸೆಯು ಒಂದೇ ರಾಷ್ಟ್ರದ ಕೈಯಲ್ಲಿಲ್ಲವೆಂಬುದನ್ನು ಚರಿತ್ರೆಯ ಆಧಾರದಿಂದ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ಸಿದ್ಧವಾದ ಒಡಂಬಡಿಕೆಯು ಈ ಚರಿತ್ರೆಗೆ ತಳಹದಿ. ತನ್ನ ನೆಲದ ಮೇಲಣ ಆಕಾಶಕ್ಕೆ ಪ್ರತಿಯೊಂದು ರಾಷ್ಟ್ರವೂ ಸಾರ್ವಭೌಮವೆಂದು ಅದರ ಮೊದಲನೆಯ ವಿಧಿಯು ಸಾರಿತು. ಆದರೆ ಕನಿಷ್ಠ ಮಟ್ಟಕ್ಕೆ ಕಡಿಮೆಯಿಲ್ಲದ ನಿಯಮಗಳಂತೆ ಒಂದು ರಾಷ್ಟ್ರವು ವಿಮಾನಕ್ಕೂ ವೈಮಾನಿಕನಿಗೂ ನೀಡಿದ ಪ್ರಮಾಣಪತ್ರವನ್ನು ಇತರ ರಾಷ್ಟ್ರಗಳು ಮಾನ್ಯಮಾಡಬೇಕೆಂದು 33ನೆಯ ವಿಧಿಯು ಹೇಳಿತು. ಹೀಗಿರಲು, ಒಂದು ರಾಷ್ಟ್ರದ ತಪಾಸಣೆಯಲ್ಲಿ ಉಳಿದ ಲೋಪವು ಉಳಿದೆಲ್ಲ ರಾಷ್ಟ್ರಗಳ ಪ್ರಯಾಣಿಕರಿಗೂ ಅಪಾಯಕಾರಿಯಾಯಿತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯ ಮತ್ತು ಕಜಕ್‌ಸ್ತಾನಗಳ ವಿಮಾನಗಳೆರಡು ಡಿಕ್ಕಿ ಹೊಡೆದು 349 ಮಂದಿ ಮೃತರಾದರು. ನೆಲ ಭಾರತದ್ದು, ವಿಮಾನಗಳು ಅನ್ಯರವು. ಹೊಣೆಯನ್ನು ಗಡಿಗೆರೆಯಂತೆ ಹಂಚುವುದು ಅಸಾಧ್ಯವೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ನಿಯಮಗಳಿದ್ದರೂ ಅವುಗಳ ಪಾಲನೆಯನ್ನು ನೋಡತಕ್ಕ ನುರಿತ ತಪಾಸಕರು ಎಲ್ಲ ರಾಷ್ಟ್ರಗಳಲ್ಲಿಯೂ ಇರಲಿಲ್ಲ. ಭೂತಾನ, ಮಾಲ್ಡೀವ್ಸ್‌ಗಳಂತಹ ಚಿಕ್ಕ ರಾಷ್ಟ್ರಗಳಿಗೆ ಅಂತಹ ಸಿಬ್ಬಂದಿಯನ್ನು ತಾವೇ ಪೋಷಿಸುವುದು ದುಸ್ಸಾಧ್ಯವಾಗಿತ್ತು. ಈ ಕೊರತೆಯನ್ನು ನೀಗಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ದಕ್ಷಿಣ ಏಷ್ಯಕ್ಕಾಗಿ 'ಕಾಸ್ಕ್ಯಾಪ್' ಎಂಬ ಸಹಕಾರ ಯೋಜನೆಯನ್ನು ರೂಪಿಸಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ, ಮಾಲ್ಡೀವ್ಸ್ ಇದರ ಸದಸ್ಯರಾದುವು. ತಜ್ಞರ ಸೇವೆಯನ್ನು ಹಂಚಿಕೊಳ್ಳುವುದು, ತಪಾಸಕರಿಗೆ ಶಿಕ್ಷಣ ನೀಡುವುದು, ನಿಯಮಗಳನ್ನು ಪರಸ್ಪರ ಹೊಂದಿಸುವುದು ಇದರ ಕಾರ್ಯವಾಗಿತ್ತು. ರಾಜಕೀಯ ವಿರಸವಿದ್ದ ನೆರೆಹೊರೆಯವರೂ ಈ ಕಾರ್ಯದಲ್ಲಿ ಜೊತೆಗೂಡಿದುದು ಗಮನಾರ್ಹ.

ಇಂತಹ ನೆರವು ಚಿಕ್ಕ ರಾಷ್ಟ್ರಗಳಿಗೆ ಮಾತ್ರ ಬೇಕೆಂದು ಭಾವಿಸುವುದು ಸರಿಯಲ್ಲ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನವು ರನ್‌ವೇಯನ್ನು ಮೀರಿ ಕಮರಿಗೆ ಬಿದ್ದು, 166 ಮಂದಿಯಲ್ಲಿ 158 ಮಂದಿ ಮಡಿದರು. ಇಳಿಯುವ ಪ್ರಯತ್ನವನ್ನು ಕೈಬಿಡಬೇಕೆಂದು ಸಹವೈಮಾನಿಕನು ಮೂರು ಸಲ ಹೇಳಿದರೂ ಮುಖ್ಯ ವೈಮಾನಿಕನು ಮುಂದುವರಿದನೆಂದು ತನಿಖೆಯು ನಿರ್ಣಯಿಸಿತು. ಅದುವರೆಗೆ ನಿಯಮಗಳನ್ನು ಜಾರಿಗೊಳಿಸುವ ಮಹಾನಿರ್ದೇಶನಾಲಯದವರೇ ಬಹುಮಟ್ಟಿಗೆ ಅಪಘಾತಗಳ ತನಿಖೆಯನ್ನೂ ನಡೆಸುತ್ತಿದ್ದರು. 2012ರಲ್ಲಿ ಪ್ರತ್ಯೇಕ ತನಿಖಾ ಬ್ಯೂರೋ ಸ್ಥಾಪಿತವಾಯಿತು. ಆದರೂ 2014ರ ಜನವರಿ 31ರಂದು ಅಮೆರಿಕವು, ತಪಾಸಕರ ಕೊರತೆಯೇ ಮೊದಲಾದ ನ್ಯೂನತೆಗಳ ಕಾರಣ, ಭಾರತದ ಶ್ರೇಣಿಯನ್ನು ಇಳಿಸಿತು. ನ್ಯೂನತೆಗಳು ಸರಿಹೋದ ಬಳಿಕ, 2015ರ ಏಪ್ರಿಲ್‌ನಲ್ಲಿ, ಹಿಂದಿನ ಶ್ರೇಣಿಯು ಮರಳಿ ದೊರಕಿತು.

ಸಹಕಾರಕ್ಕೂ ಮಿತಿಯುಂಟು. ಯೋಜನೆಯು ಸಲಹೆ ನೀಡಬಲ್ಲುದಾಗಿತ್ತೇ ಹೊರತು ಆಜ್ಞೆ ಮಾಡಬಲ್ಲುದಾಗಿರಲಿಲ್ಲ. ಸದಸ್ಯ ರಾಷ್ಟ್ರವಾದ ನೇಪಾಳದ ವಿಮಾನ ಸಂಸ್ಥೆಗಳನ್ನು ಐರೋಪ್ಯ ಒಕ್ಕೂಟವು 2013ರ ಡಿಸೆಂಬರಿನಲ್ಲಿ ನಿಷೇಧಿಸಿದುದೇ ಇದಕ್ಕೆ ಸಾಕ್ಷಿ. ನೆರೆಯವರು ತಜ್ಞರನ್ನು ಕಳುಹಿಸಬಹುದು. ಆದರೆ ದೋಷವುಳ್ಳ ವಿಮಾನವನ್ನು ನೆಲದಲ್ಲಿ ತಡೆದು ನಿಲ್ಲಿಸುವ ದೃಢತೆಯು ಆಯಾ ಸರ್ಕಾರದಲ್ಲಿಯೇ ಇರಬೇಕು.

ಇದರಿಂದ ವ್ಯಕ್ತವಾಗುವುದೇನೆಂದರೆ, ಪರರ ಪರಿಶೀಲನೆಗೆ ಒಡ್ಡಿಕೊಳ್ಳುವುದರಿಂದ ಸಾರ್ವಭೌಮತೆಗೆ ಕುಂದಿಲ್ಲ. ಮಂಗಳೂರಿನ ದುರಂತದಲ್ಲಿ ಮಡಿದವರಲ್ಲಿ ಅನೇಕರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಮನೆಗೆ ಮರಳುತ್ತಿದ್ದವರು. ಅಂತಹ ಪ್ರಯಾಣಿಕನು ನಿಯಮಗಳನ್ನು ಓದಲಾರ, ವಿಮಾನದ ಯಂತ್ರವನ್ನು ಪರೀಕ್ಷಿಸಲಾರ. ಅವನ ಪರವಾಗಿ ನೋಡುವ ಕಣ್ಣುಗಳು ಒಂದಕ್ಕಿಂತ ಹೆಚ್ಚಾಗಿರುವುದೇ ಕ್ಷೇಮ.