ಈ ಬೋರ್ಡು ಯಾವುದಕ್ಕೆ ಹೊಂದುತ್ತದೆ?

ಕೆಲವು ವರ್ಷಗಳ ಹಿಂದೆ ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದೆ. ವಿಂಡೋಸ್ ಬೇಡ, ಲಿನಕ್ಸ್ ಹಾಕುತ್ತೇನೆ ಎಂದು ಅಂಗಡಿಯಲ್ಲಿ ಮೊದಲೇ ಹೇಳಿದ್ದೆ. "ಎಲ್ಲಾ ಹೊಂದುತ್ತೆ, ತಗೊಂಡು ಹೋಗಿ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂತಿತು, ಮದರ್‌ಬೋರ್ಡಿನ ತೂತುಗಳು ಡಬ್ಬದ ತಿರುಪುಗಳಿಗೆ ಸರಿಯಾಗಿ ಬಂದವು, ಲಿನಕ್ಸೂ ಮೊದಲ ಸಲಕ್ಕೇ ಏರಿತು. ಆದರೆ ಯಂತ್ರ ಒಮ್ಮೆ ನಿದ್ದೆಗೆ ಹೋದರೆ ಏಳುತ್ತಿರಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಪರದೆ ಕಪ್ಪಗಾಗಿತ್ತು. ಸೇವ್ ಮಾಡದೆ ಬಿಟ್ಟಿದ್ದ ಆರು ಪುಟ ಅನುವಾದ ಹೋಗಿತ್ತು. ಮರುದಿನ ಬೆಳಗ್ಗೆ ಕೊಡಬೇಕಿದ್ದ ಕೆಲಸ ಅದು.

ಆ ಪುಟಗಳನ್ನು ಎರಡನೆಯ ಸಲ ಅನುವಾದಿಸುತ್ತಾ ಕೂತಾಗ ಅಂಗಡಿಯವರ ಮಾತು ತಲೆಯಲ್ಲಿ ತಿರುಗುತ್ತಿತ್ತು. ಕನ್ನಡದಲ್ಲಿ 'ಹೊಂದುತ್ತದೆ' ಎಂದರೆ ವಾಕ್ಯ ಮುಗಿಯುವುದಿಲ್ಲ, ಯಾವುದಕ್ಕೆ ಎಂದು ಹೇಳಬೇಕು. ಕಂಪ್ಯೂಟರ್ ಅಂಗಡಿಗಳಲ್ಲಿ ಆ 'ಯಾವುದಕ್ಕೆ' ಮಾಯವಾಗಿದೆ. ಎಸ್.ಪಿ. ರೋಡಿರಲಿ, ಲ್ಯಾಮಿಂಗ್ಟನ್ ರೋಡಿರಲಿ, ರಿಚ್ಚಿ ಸ್ಟ್ರೀಟ್, ನೆಹರೂ ಪ್ಲೇಸ್ ಇರಲಿ, ಎಲ್ಲ ಕಡೆಯೂ ಹಾಗೇ. ಅದು ಮಾಯವಾದದ್ದು ಹೇಗೆ ಎಂಬುದಕ್ಕೆ ನಲವತ್ತು ವರ್ಷ ದಾಟಿದ ಇತಿಹಾಸವಿದೆ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಬೇಗ ಮುಗಿಸಬೇಕೆಂಬ ಅವಸರದಲ್ಲಿ ಹೆಚ್ಚಿನ ಭಾಗಗಳನ್ನು ಮಾರುಕಟ್ಟೆಯಿಂದಲೇ ಕೊಂಡಿತ್ತು. ಪ್ರೊಸೆಸರ್ ಇಂಟೆಲ್‌ನದು, ಡಾಸ್ ಮೈಕ್ರೋಸಾಫ್ಟ್‌ನದು. ಐಬಿಎಂನ ಸ್ವಂತ ಸೊತ್ತು ಎನ್ನುವಂತಿದ್ದದ್ದು ಬೋರ್ಡಿನ ಮೇಲಿನ ರೋಮ್ ಚಿಪ್ಪಿನಲ್ಲಿದ್ದ ಬಯಾಸ್, ಬರೀ 8 ಕಿಲೋಬೈಟಿನ ಪ್ರೋಗ್ರಾಂ. ಯಂತ್ರವನ್ನು ಎಬ್ಬಿಸುವುದು, ಕೀಲಿಮಣೆ, ಪರದೆ, ಡಿಸ್ಕುಗಳನ್ನು ಮೇಲಿನ ಸಾಫ್ಟ್‌ವೇರಿಗೆ ಪರಿಚಯಿಸುವುದು ಅದರ ಕೆಲಸ. ಬೇರೆಯವರು ಕಾರ್ಡುಗಳನ್ನೂ ಪ್ರೋಗ್ರಾಂಗಳನ್ನೂ ತಯಾರಿಸಲಿ ಎಂದು ಐಬಿಎಂ ಒಂದು ತಾಂತ್ರಿಕ ಕೈಪಿಡಿ ಮಾರಿತು. ಬೋರ್ಡಿನ ಸರ್ಕ್ಯೂಟ್ ನಕ್ಷೆಗಳ ಜೊತೆಗೆ ಬಯಾಸಿನ ಸಾಲುಸಾಲೂ ಅದರಲ್ಲಿ ಅಚ್ಚಾಗಿತ್ತು. ಯಾರು ಬೇಕಾದರೂ ಓದಬಹುದಿತ್ತು. ನಕಲು ಮಾಡಿದರೆ ಮಾತ್ರ ಕಾಪಿರೈಟ್ ಕಟ್ಟಿಹಾಕುತ್ತಿತ್ತು. ಕರೋನಾ, ಈಗಲ್ ಎಂಬ ಕಂಪನಿಗಳ ಮೇಲೆ 1984ರಲ್ಲಿ ಐಬಿಎಂ ದಾವೆ ಹೂಡಿತು. ಎರಡೂ ರಾಜಿಯಾಗಿ ಬಯಾಸನ್ನು ಹೊಸದಾಗಿ ಬರೆಸಲು ಒಪ್ಪಿಕೊಂಡವು.

ಇದಕ್ಕೆ ಕಂಡುಕೊಂಡ ದಾರಿ ಅನುವಾದಕಿಯಾದ ನನಗೆ ಬಹಳ ಇಷ್ಟದ್ದು. ಕೆಲಸವನ್ನು ಎರಡು ಗುಂಪಿಗೆ ಹಂಚುವುದು. ಮೊದಲ ಗುಂಪು ಐಬಿಎಂ ಬಯಾಸನ್ನು ಓದಿ, ಅದು ಏನೇನು ಮಾಡುತ್ತದೆ ಎಂದು ಮಾತ್ರ ಬರೆದಿಡುತ್ತದೆ. ಮೂಲವನ್ನು ಕಣ್ಣಿನಿಂದಲೂ ನೋಡದ ಎರಡನೆಯ ಗುಂಪು ಆ ವಿವರಣೆಯನ್ನಷ್ಟೇ ಹಿಡಿದು ಹೊಸ ಪ್ರೋಗ್ರಾಂ ಬರೆಯುತ್ತದೆ. ಓದಿದವರು ಬರೆಯುವಂತಿಲ್ಲ, ಬರೆಯುವವರು ಓದುವಂತಿಲ್ಲ. 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಹೀಗೆ ತನ್ನದೇ ಬಯಾಸ್ ಮಾಡಿಕೊಂಡು ಮರುವರ್ಷ ತನ್ನ ಪೋರ್ಟಬಲ್ ಯಂತ್ರವನ್ನು ಮಾರಾಟಕ್ಕಿಟ್ಟಿತು. 1984ರಲ್ಲಿ ಫೀನಿಕ್ಸ್ ಇದೇ ವಿಧಾನದಲ್ಲಿ ಮಾಡಿದ ಬಯಾಸನ್ನು ಕೇಳಿದವರಿಗೆಲ್ಲ ಲೈಸೆನ್ಸ್ ಕೊಟ್ಟಿತು. ಅಲ್ಲಿಂದ ಮುಂದೆ ಐಬಿಎಂಗೆ ಹೊಂದುವ ಬೋರ್ಡು ಮಾಡಲು ದೊಡ್ಡ ಕಂಪನಿಯೇ ಆಗಬೇಕಿರಲಿಲ್ಲ. ನಾವು ಅಂಗಡಿಯಲ್ಲಿ ಬಿಡಿ ಮದರ್‌ಬೋರ್ಡ್ ಕೊಳ್ಳಲು ಸಾಧ್ಯವಾದದ್ದರ ಬೇರು ಇಲ್ಲಿದೆ.

ಆ ದಿನಗಳಲ್ಲಿ 'ಯಾವುದಕ್ಕೆ' ಎಂಬುದು ಸ್ಪಷ್ಟವಿತ್ತು. ಲೋಟಸ್ 1-2-3 ಮತ್ತು ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ ಓಡಿದರೆ ಯಂತ್ರ ಐಬಿಎಂಗೆ ಹೊಂದುತ್ತದೆ ಎಂದು ಪತ್ರಿಕೆಗಳು ಪರೀಕ್ಷಿಸುತ್ತಿದ್ದವು. 1990ರ ದಶಕ ಬರುವಷ್ಟರಲ್ಲಿ ಐಬಿಎಂ ಹೆಸರು ಹಿಂದೆ ಸರಿದು ಆ ಜಾಗದಲ್ಲಿ ವಿಂಡೋಸ್ ಕೂತಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ಪ್ರಕಟಿಸಿದ ಮೇಲೆ ತಿರುಪಿನ ತೂತುಗಳ ಜಾಗವೂ ನಿಗದಿಯಾಯಿತು. ಮೈ ಹೊಂದಿತು, ವಿಂಡೋಸ್ ಓಡಿತು. ಇನ್ನು ಯಾವುದಕ್ಕೆ ಎಂದು ಕೇಳುವ ಅಗತ್ಯ ಬಹುಪಾಲು ಜನರಿಗೆ ಇರಲಿಲ್ಲ.

ಅಗತ್ಯವಿದ್ದವರು ಉಳಿದ ಸ್ವಲ್ಪ ಜನ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಬಗ್ಗೆ ಮೊದಲು ಹೇಳಿಕೊಂಡಾಗ, ಅದು ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದನ್ನು ಬಹುಶಃ ಎಂದೂ ಬೆಂಬಲಿಸಲಿಕ್ಕಿಲ್ಲ, ತನ್ನ ಬಳಿ ಇರುವುದು ಅದೊಂದೇ ಎಂದಿದ್ದ. ಅಂದರೆ ಲಿನಕ್ಸಿಗೆ ಹೊಂದುವ ಯಂತ್ರಗಳ ಮೊದಲ ಪಟ್ಟಿಯಲ್ಲಿ ಇದ್ದದ್ದು ಒಬ್ಬ ಹುಡುಗನ ಕೋಣೆಯ ಒಂದು 386. ಆ ಪಟ್ಟಿ ಬೆಳೆದದ್ದು ಬೇರೆ ಬೇರೆ ಕೋಣೆಗಳಲ್ಲಿದ್ದವರು ತಮ್ಮಲ್ಲಿದ್ದ ಚಿಪ್ಪುಗಳಿಗೆ ಡ್ರೈವರ್ ಬರೆದು ಸೇರಿಸಿದ್ದರಿಂದ. ಕೆಲವು ತಯಾರಕರು ಕೈಪಿಡಿ ಕೊಟ್ಟರು. ಕೊಡದಿದ್ದ ಕಡೆ ಮತ್ತೆ ಕಾಂಪ್ಯಾಕಿನ ಕಾಲದಂತೆ ನೋಡಿ ತಿಳಿದು ಬರೆಯಬೇಕಾಯಿತು.

ನನ್ನ ಆರು ಪುಟ ನುಂಗಿದ ಸಮಸ್ಯೆಯ ಮೂಲ 1996ರಲ್ಲಿದೆ. ಆ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೊಷಿಬಾ ಸೇರಿ ಎಸಿಪಿಐ ಎಂಬ ಒಪ್ಪಂದ ತಂದವು. ವಿದ್ಯುತ್ತು, ನಿದ್ದೆ, ಎಚ್ಚರ ಇವನ್ನೆಲ್ಲ ಹೇಗೆ ನಡೆಸಬೇಕೆಂದು ಬೋರ್ಡೇ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಂಡಿರುತ್ತದೆ, ಆಪರೇಟಿಂಗ್ ಸಿಸ್ಟಂ ಅದನ್ನು ಓದಿ ನಡೆದುಕೊಳ್ಳುತ್ತದೆ. ಒಪ್ಪಂದ ಎಲ್ಲರಿಗೂ ತೆರೆದದ್ದೇ. ಆದರೆ ಬೋರ್ಡು ಮಾಡುವವರಲ್ಲಿ ಅನೇಕರು ಪರೀಕ್ಷಿಸಿದ್ದು ವಿಂಡೋಸಿನಲ್ಲಿ ಮಾತ್ರ. ಕೋಷ್ಟಕದಲ್ಲಿ ತಪ್ಪಿದ್ದರೂ ವಿಂಡೋಸ್ ಓಡಿದರೆ ಬೋರ್ಡು ಪೇಟೆಗೆ ಬಂತು. ಎಷ್ಟೋ ಬೋರ್ಡುಗಳು ಎದ್ದ ಕೂಡಲೇ ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತವೆ: ನೀನು ವಿಂಡೋಸ್ 2009 ತಾನೇ? ವಿಂಡೋಸ್ 2015 ತಾನೇ? ಲಿನಕ್ಸ್ ಇವತ್ತಿಗೂ ಹೌದು ಎನ್ನುತ್ತದೆ. ನೀನು ಲಿನಕ್ಸೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ನಿಜ ಹೇಳಿದರೆ ಬೋರ್ಡು ಯಾರೂ ಪರೀಕ್ಷಿಸದ ದಾರಿಗೆ ಎಳೆದುಕೊಂಡು ಹೋಗುತ್ತದೆ ಎಂಬುದನ್ನು ಅದನ್ನು ಬರೆಯುವವರು ಅನುಭವದಿಂದ ಕಲಿತಿದ್ದಾರೆ. ಪರವೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಊರು, ಭಾಷೆ ಕೇಳಿದರೆ ಮಾತು ತೇಲಿಸಿದವರಿಗೆ ಇದು ಅರ್ಥವಾದೀತು.

ಈ ವೇಷದ ಆಟವನ್ನು ಕೊನೆಯವರೆಗೂ ಆಡಿದವರು ಹ್ಯಾಕಿಂಟಾಷ್ ಮಂದಿ. 2005ರ ಜೂನಿನಲ್ಲಿ ಆಪಲ್ ತನ್ನ ಮ್ಯಾಕುಗಳನ್ನು ಇಂಟೆಲ್ ಪ್ರೊಸೆಸರಿಗೆ ಬದಲಿಸುವುದಾಗಿ ಹೇಳಿತು. ಹಾಗಾದರೆ ಮನೆಯಲ್ಲಿ ಜೋಡಿಸಿದ ಯಂತ್ರದಲ್ಲೂ ಅದರ ಆಪರೇಟಿಂಗ್ ಸಿಸ್ಟಂ ಓಡಬೇಕಲ್ಲ ಎಂದು ಜನ ಹೊರಟರು. ಆಪಲ್‌ನ ಲೈಸೆನ್ಸ್ ಇದಕ್ಕೆ ಒಪ್ಪುವುದಿಲ್ಲ. ಇಂಥ ಯಂತ್ರಗಳನ್ನು ಮಾರಲು ಹೊರಟ ಸೈಸ್ಟಾರ್ ಎಂಬ ಕಂಪನಿ 2009ರಲ್ಲಿ ಕೋರ್ಟಿನಲ್ಲಿ ಸೋತಿತು. ಮನೆಯಲ್ಲಿ ಮಾಡುವವರು ಮಾತ್ರ ನಿಲ್ಲಲಿಲ್ಲ. ಆಪಲ್ ಬಳಸಿದ ಚಿಪ್‌ಸೆಟ್ಟಿಗೆ ಹತ್ತಿರದ್ದು, ಅದು ಬಲ್ಲ ಬ್ರಾಡ್‌ಕಾಮ್ ವೈಫೈ ಎಂದು ಹುಡುಕಿ ಹುಡುಕಿ ಬೋರ್ಡು ಆರಿಸಿದರು, ಎಸಿಪಿಐ ಕೋಷ್ಟಕಗಳನ್ನು ಕೈಯಾರೆ ತಿದ್ದಿದರು. ಆದರೆ 2020ರಲ್ಲಿ ಆಪಲ್ ತನ್ನದೇ ಚಿಪ್ಪಿಗೆ ಹೊರಟಿತು. 2025ರಲ್ಲಿ, ಮ್ಯಾಕ್ಓಎಸ್ 26 ಇಂಟೆಲ್ ಮ್ಯಾಕುಗಳಿಗೆ ಸಿಗುವ ಕೊನೆಯ ಆವೃತ್ತಿ ಎಂದಿತು. ಇಪ್ಪತ್ತು ವರ್ಷ ಕೂಡಿಸಿದ ಪಟ್ಟಿಗಳಿಗೆ ಮುಂದೆ ಹೋಗಲು ದಾರಿಯಿಲ್ಲ. ಲಿನಕ್ಸಿನವರ ಪಟ್ಟಿಗೆ ಹಾಗಾಗಲಿಲ್ಲ. ಅವರು ಕಂಡುಕೊಂಡದ್ದು ಆ ಸಿಸ್ಟಮಿನೊಳಗೇ ಸೇರಿಕೊಳ್ಳುತ್ತದೆ, ಅದನ್ನು ಒಂದು ಕಂಪನಿ ವಾಪಸು ಪಡೆಯುವಂತಿಲ್ಲ.

ಆದ್ದರಿಂದ ಯಾರಾದರೂ ಲಿನಕ್ಸಿಗೆ ಬೋರ್ಡು ಯಾವುದು ಎಂದು ಕೇಳಿದರೆ ನಾನು ಬ್ರ್ಯಾಂಡ್ ಹೇಳುವುದಿಲ್ಲ. ಬೋರ್ಡಿನ ಹೆಸರಿನ ಜೊತೆ ರಿವಿಷನ್ ಸಂಖ್ಯೆಯನ್ನೂ ನೋಡಿ, ಒಂದೇ ಹೆಸರಿನಡಿ ಒಳಗಿನ ಚಿಪ್ಪು ಬದಲಾಗಿರುವುದುಂಟು. ನೆಟ್‌ವರ್ಕ್, ವೈಫೈ, ಆಡಿಯೋ ಚಿಪ್ಪುಗಳ ಹೆಸರು ಬರೆದುಕೊಳ್ಳಿ. ಈ ತಿಂಗಳು ಬಂದ ಬೋರ್ಡಿಗಿಂತ ಒಂದು ವರ್ಷ ಹಳೆಯದು ವಾಸಿ, ಅಷ್ಟರಲ್ಲಿ ಯಾರೋ ಡ್ರೈವರ್ ಬರೆದಿರುತ್ತಾರೆ. ಸಾಧ್ಯವಾದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ನೋಡಿ, ಒಮ್ಮೆ ನಿದ್ದೆಗೆ ಕಳಿಸಿ ಏಳುತ್ತದೆಯೇ ಎಂದೂ ನೋಡಿ.

ನನ್ನ ಯಂತ್ರ ಈಗ ಏಳುತ್ತದೆ. ಅದೇ ಬೋರ್ಡು ಕೊಂಡಿದ್ದ ಯಾರೋ ಒಬ್ಬರು, ಬಯಾಸಿನ ಯಾವ ಆವೃತ್ತಿಗೆ ಬದಲಿಸಿದರೆ ಈ ತೊಂದರೆ ಹೋಗುತ್ತದೆ ಎಂದು ಎರಡು ಸಾಲು ಬರೆದಿಟ್ಟಿದ್ದರು. ಹತ್ತು ನಿಮಿಷದ ಕೆಲಸ. ಅದರ ಕೆಳಗೆ ನಾನೂ ನನ್ನ ಬೋರ್ಡಿನ ರಿವಿಷನ್ ಸಂಖ್ಯೆ ಬರೆದು, ಇದರಲ್ಲೂ ಸರಿಹೋಯಿತು ಎಂದು ಸೇರಿಸಿದೆ.