ಹುಳುಕು ಹಲ್ಲು

ಚಿಕ್ಕಂದಿನಲ್ಲಿ ನನಗೆ ಹಲ್ಲುನೋವು ಬಂದಾಗ ಅಜ್ಜಿ ಕೆಂಡದ ಮೇಲೆ ನೆಲಗುಳ್ಳದ ಬೀಜ ಉದುರಿಸಿ ಬಾಯಿಗೆ ಹೊಗೆ ಹಿಡಿಸಿದಳು. ಆಮೇಲೆ ನೀರಿನ ಬಟ್ಟಲಲ್ಲಿ ತೇಲುತ್ತಿದ್ದ ಬಿಳಿ ಎಳೆಗಳನ್ನು ತೋರಿಸಿ, 'ನೋಡು, ಹುಳ ಬಿತ್ತು' ಎಂದಳು. ನಂಬಿದೆ. ನೋವೂ ನಿಂತಿತು. ಆದರೆ ಅದು ನಿಂತದ್ದು ಹಲ್ಲಿನ ನರ ಸತ್ತದ್ದರಿಂದ. ವರ್ಷದೊಳಗೆ ದವಡೆ ಬಾತು ಹಲ್ಲು ಕೀಳಿಸಬೇಕಾಯಿತು.

ನಮ್ಮ 'ಹುಳುಕು' ಎಂಬ ಮಾತಿನಲ್ಲೇ ಹುಳವಿದೆ. ಈ ನಂಬಿಕೆ ಬ್ಯಾಬಿಲೋನಿನಷ್ಟು ಹಳೆಯದು. ಫ್ರಾನ್ಸಿನ ದಂತವೈದ್ಯ ಪಿಯೇರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ, ತನಗೆ ಅಂಥ ಹುಳವೇ ಕಾಣಲಿಲ್ಲವೆಂದು ಬರೆದ. ಬಾಯಿಯ ಸೂಕ್ಷ್ಮಜೀವಿಗಳು ಸಿಹಿ, ಹಿಟ್ಟುಗಳಿಂದ ಆಮ್ಲ ಹುಟ್ಟಿಸಿ ಹಲ್ಲನ್ನು ಕರಗಿಸುತ್ತವೆಂದು 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ವಿವರಿಸಿದ. ಅಜ್ಜಿಯ ಬಟ್ಟಲಲ್ಲಿದ್ದದ್ದು ಬೀಜದೊಳಗಿನ ಎಳೆಯಷ್ಟೇ.

ಅಜ್ಜಿಯನ್ನು ದೂರಲಾರೆ, ಅವಳಿಗೆ ತಿಳಿಸುವವರಿರಲಿಲ್ಲ. ಈಗ ಮೊಮ್ಮಗಳ ಮೊಬೈಲಿನಲ್ಲೂ ಅದೇ ಹುಳ ತೆಗೆಯುವ ದೃಶ್ಯ ಬರುತ್ತದೆ. ಅಂತರ್ಜಾಲದ ವೈದ್ಯಕೀಯ ಮಾಹಿತಿಯನ್ನು ಅಳೆಯಲು ಅಮೆರಿಕದ ವೈದ್ಯ ಪತ್ರಿಕೆಯೊಂದು 1997ರಲ್ಲೇ ನಾಲ್ಕು ಅಂಶ ಸೂಚಿಸಿತ್ತು: ಬರೆದವರು ಯಾರು, ಆಧಾರವೇನು, ಹಣ ಯಾರದು, ಬರೆದದ್ದು ಎಂದು? ಅವನ್ನು ಅವಳಿಗೆ ಹೇಳಿಕೊಟ್ಟೆ. ಜೊತೆಗೆ ನನ್ನದೂ ಒಂದು ಮಾತು: ನೋವು ನಿಂತಿತೆಂದು ದಂತವೈದ್ಯರ ಬಳಿ ಹೋಗುವುದನ್ನು ಬಿಡಬೇಡ.